ಗಂಟು ಹಾಕಿ ಇಟ್ಟ ಲೆಕ್ಕ: ಇಂಕಾ ಜನರ ಕೀಪು



ದಕ್ಷಿಣ ಅಮೆರಿಕದ ಇಂಕಾ ಜನರಿಗೆ ಬರವಣಿಗೆ ಇರಲಿಲ್ಲ ಎಂದು ಪುಸ್ತಕಗಳಲ್ಲಿ ಓದುತ್ತೇವೆ. ಕಾಗದ, ಲೇಖನಿ ಇರಲಿಲ್ಲ, ನಿಜ. ಆದರೆ ಆಂಡೀಸ್ ಪರ್ವತದುದ್ದಕ್ಕೂ ಸುಮಾರು 4,000 ಕಿಲೋಮೀಟರು ಹಬ್ಬಿದ್ದ ರಾಜ್ಯವನ್ನು ದಫ್ತರವಿಲ್ಲದೆ ನಡೆಸಲಾದೀತೆ? ಗುಮಾಸ್ತಿಕೆಯಲ್ಲೇ ಆಯುಸ್ಸು ಸವೆಸಿದ ನಮಗೆ ಮೊದಲು ಹೊಳೆದ ಪ್ರಶ್ನೆ ಇದೇ.

ಅವರ ದಫ್ತರ ಇದ್ದದ್ದು ಹುರಿಗಳಲ್ಲಿ. ಅದರ ಹೆಸರು ಕೀಪು. ಅವರ ಕೆಚುವಾ ಭಾಷೆಯಲ್ಲಿ ಗಂಟು ಎಂದರ್ಥ. ಒಂದು ದಪ್ಪ ಹುರಿಗೆ ಹತ್ತಾರು, ಕೆಲವೊಮ್ಮೆ ನೂರಾರು ತೆಳು ಹುರಿಗಳನ್ನು ಇಳಿಬಿಡುತ್ತಿದ್ದರು. ಹೆಚ್ಚಿನವು ಹತ್ತಿಯವು, ಕೆಲವು ಅಲ್ಪಾಕಾ ಉಣ್ಣೆಯವು. ಇದನ್ನು ಬಲ್ಲ ನೌಕರನಿಗೆ ಕೀಪುಕಮಾಯುಕ್ ಎಂದು ಹೆಸರು.

ಓದುವ ಕ್ರಮ ನಮ್ಮ ಸ್ಥಾನಬೆಲೆಯಂತೆಯೇ. ಹುರಿಯ ತುದಿಯ ಕಡೆ ಬಿಡಿ, ಅದರ ಮೇಲೆ ಹತ್ತು, ಇನ್ನೂ ಮೇಲೆ ನೂರು. 352 ಎನ್ನಬೇಕಾದರೆ ಮೇಲೆ ಮೂರು ಸಾದಾ ಗಂಟು, ನಡುವೆ ಐದು, ಕೆಳಗೆ ಎರಡು ಸುತ್ತು ಸುತ್ತಿದ ಒಂದು ಉದ್ದ ಗಂಟು. ಬಿಡಿ ಸ್ಥಾನದಲ್ಲಿ ಒಂದೇ ಇದ್ದರೆ ಅದಕ್ಕೆ ಬೇರೆಯೇ ಗಂಟು, ಇಂಗ್ಲಿಷಿನ ಎಂಟರ ಅಂಕಿಯ ಆಕಾರದ್ದು. ಸೊನ್ನೆಗೆ ಗಂಟೇ ಇಲ್ಲ, ಆ ಜಾಗ ಖಾಲಿ. ಅಮೆರಿಕದ ಲೆಲ್ಯಾಂಡ್ ಲಾಕ್ ಈ ಕ್ರಮವನ್ನು 1912ರಲ್ಲಿ ಬಿಡಿಸಿ ತೋರಿಸಿದರು.

ಲಿಮಾ ಹತ್ತಿರದ ಪುರುಚುಕೊದಲ್ಲಿ ಸಿಕ್ಕ ಕೀಪುಗಳನ್ನು ಗ್ಯಾರಿ ಅರ್ಟನ್ ಮತ್ತು ಕ್ಯಾರಿ ಬ್ರೆಜೀನ್ ಪರಿಶೀಲಿಸಿದಾಗ ಕೆಳಹಂತದ ಕೀಪುಗಳ ಮೊತ್ತ ಮೇಲಿನ ಹಂತದ ಕೀಪುಗಳಲ್ಲಿ ಕಾಣಿಸಿತು (2005). ಕೀರ್ದಿಯಿಂದ ಖತಾವಣಿಗೆ ಏರಿಸಿದ ಹಾಗೆ! ಇದನ್ನು ಓದಿದ ರಾತ್ರಿ ನಮಗೆ ಬೇಗ ನಿದ್ದೆ ಹತ್ತಲಿಲ್ಲ.

1532ರಲ್ಲಿ ಸ್ಪೇನಿನವರು ಬಂದರು. ಮೊದಮೊದಲು ಅವರ ನ್ಯಾಯಾಲಯಗಳೂ ಕೀಪುವನ್ನು ಸಾಕ್ಷ್ಯವಾಗಿ ಒಪ್ಪುತ್ತಿದ್ದವು. ಆದರೆ 1583ರಲ್ಲಿ ಲಿಮಾದ ಚರ್ಚ್ ಸಭೆ, ಹಳೆಯ ಪೂಜಾಚಾರಕ್ಕೆ ಸೇರಿದವೆಂದು ಕೀಪುಗಳನ್ನು ನಾಶಮಾಡಲು ಆಜ್ಞೆ ಹೊರಡಿಸಿತು. ಕ್ರಮೇಣ ಓದಬಲ್ಲವರೂ ಇಲ್ಲವಾದರು. ಇಂದು ಸಾವಿರದಷ್ಟು ಕೀಪುಗಳು ಉಳಿದಿವೆ. ಅವುಗಳಲ್ಲಿ ಹೆಚ್ಚಿನವುಗಳ ಮೊತ್ತ ಓದಬಹುದು, ಬಾಬ್ತು ಓದಲಾಗದು. 352 ಏನು? ಲಾಮಾಗಳೋ, ಜೋಳದ ಮೂಟೆಯೋ, ತೆರಿಗೆ ಕೊಡುವ ಮನೆಗಳೋ? ಬಾಬ್ತು ಬಣ್ಣದಲ್ಲಿ, ಹುರಿ ಹೊಸೆದ ದಿಕ್ಕಿನಲ್ಲಿ ಅಡಗಿರಬಹುದು ಎಂಬ ಊಹೆಯಿದೆ. ಪೆರುವಿನ ಇಂಕಾವಾಸಿ ಎಂಬ ಉಗ್ರಾಣದಲ್ಲಿ ಕೀಪುಗಳು ಕಡಲೆಕಾಯಿ, ಮೆಣಸಿನಕಾಯಿ, ಕಾಳುಗಳ ಜೊತೆಯಲ್ಲೇ ಸಿಕ್ಕಿದ್ದರಿಂದ ಒಂದಿಷ್ಟು ಸುಳಿವು ದೊರೆತಿದೆ. ಇನ್ನು ಕೆಲವು ಕೀಪುಗಳಲ್ಲಿ ಅಂಕಿಯ ಕ್ರಮವೇ ಇಲ್ಲ. ಅವುಗಳಲ್ಲಿ ಹೆಸರು, ಸುದ್ದಿ ಇರಬಹುದೇ ಎಂಬ ಚರ್ಚೆ ನಡೆದಿದೆ. ಸಾನ್ ಹುವಾನ್ ಡಿ ಕೊಲ್ಯಾಟಾ ಎಂಬ ಹಳ್ಳಿಯವರು ಮರದ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದ ಎರಡು ಕೀಪುಗಳನ್ನು ಯುದ್ಧಕಾಲದ ಪತ್ರಗಳೆಂದೇ ಹೇಳುತ್ತಾರೆ.

ಲಿಮಾದ ಮೇಲಿನ ಬೆಟ್ಟದ ಟುಪಿಕೋಚಾ ಗ್ರಾಮದ ಸಂಗತಿಯನ್ನು ಫ್ರಾಂಕ್ ಸಾಲೊಮನ್ ಬರೆದಿದ್ದಾರೆ. ಅಲ್ಲಿ ಪ್ರತಿವರ್ಷ ಜನವರಿಯಲ್ಲಿ ಊರ ಸಭೆ, ಲೆಕ್ಕ ಒಪ್ಪಿಸುವುದು, ಹೊಸ ಪದಾಧಿಕಾರಿಗಳ ನೇಮಕ. ಅಧಿಕಾರ ವಹಿಸಿಕೊಳ್ಳುವವರ ಹೆಗಲಿಗೆ ಅವರವರ ಬಳಗದ ಹಳೆಯ ಕೀಪುವನ್ನು ಅಡ್ಡಲಾಗಿ ತೊಡಿಸುತ್ತಾರೆ. ಅದರಲ್ಲಿ ಏನಿದೆಯೆಂದು ಆ ಊರಿನಲ್ಲಿ ಈಗ ಯಾರೂ ಓದಲಾರರು. ಸಭೆ ಮುಗಿದ ಮೇಲೆ ಮುಂದಿನ ವರ್ಷಕ್ಕೆಂದು ಹುಷಾರಾಗಿ ಸುತ್ತಿ ಇಡುತ್ತಾರೆ.