ಗ್ರಂಥಕರ್ತನೂ ಪ್ರಕಾಶಕನೂ: ಕರಾರುಪತ್ರವನ್ನು ಓದುವ ಬಗೆ

ಗ್ರಂಥರಚನೆಗೆ ಬೇಕಾದ ಶಿಕ್ಷಣವು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಒಂದು ಮಟ್ಟಿಗೆ ದೊರೆಯುತ್ತದೆ. ಆಕರಗಳನ್ನು ಅರಸುವ ಕ್ರಮ, ಅವುಗಳ ಪ್ರಾಮಾಣ್ಯವನ್ನು ತೂಗಿ ನೋಡುವ ವಿಧಾನ, ಅಡಿಟಿಪ್ಪಣಿ ಬರೆಯುವ ರೀತಿ, ಇವೆಲ್ಲವನ್ನೂ ವಿದ್ಯಾರ್ಥಿಯು ಗುರುಮುಖದಿಂದ ಕಲಿಯುತ್ತಾನೆ. ಆದರೆ ಬರೆದು ಮುಗಿಸಿದ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಒಪ್ಪಿಸುವಾಗ ರುಜು ಮಾಡಬೇಕಾದ ಕರಾರುಪತ್ರದ ವಿಷಯವನ್ನು ಸಾಮಾನ್ಯವಾಗಿ ಯಾರೂ ಕಲಿಸುವುದಿಲ್ಲ. ಸವೆದುಹೋದ ಶಿಲಾಶಾಸನದ ಒಂದೊಂದು ಅಕ್ಷರಕ್ಕಾಗಿ ದಿನಗಟ್ಟಲೆ ಶ್ರಮಿಸುವ ಸಂಶೋಧಕನು, ತನ್ನ ಹಲವು ವರ್ಷಗಳ ದುಡಿಮೆಯ ಫಲವನ್ನು ಪರರ ವಶಕ್ಕೆ ಕೊಡುವ ಎರಡು ಪುಟಗಳ ಪತ್ರವನ್ನು ಓದದೆಯೇ ಸಹಿ ಹಾಕುವುದುಂಟು. ಅಂತಹ ಪತ್ರದಲ್ಲಿ ಏನೇನನ್ನು ಗಮನಿಸಬೇಕೆಂಬುದನ್ನು ಕೆಲವು ಐತಿಹಾಸಿಕ ನಿದರ್ಶನಗಳ ಮೂಲಕ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದು ನ್ಯಾಯವಾದಿಯ ಸಲಹೆಗೆ ಬದಲಲ್ಲ. ನ್ಯಾಯವಾದಿಯನ್ನು ಏನು ಕೇಳಬೇಕೆಂಬುದನ್ನು ತಿಳಿಸುವ ಪೀಠಿಕೆ ಮಾತ್ರ.

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಬಗೆಯ ಓದು ಹೊಸದೇನೂ ಅಲ್ಲ. ನಮ್ಮ ದಾನಶಾಸನಗಳನ್ನು ನೋಡಿರಿ. ಕೊಟ್ಟವರಾರು, ಪಡೆದವರಾರು, ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಗಳಾವುವು ಎಂಬುದನ್ನು ಅವು ವಿವರವಾಗಿ ಹೇಳುತ್ತವೆ. ವಿಜಯನಗರದ ಕಾಲದ ಅನೇಕ ಶಾಸನಗಳಲ್ಲಿ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನು ಒಂದೊಂದಾಗಿ ಎಣಿಸಿ, ದಾನವು ಆಚಂದ್ರಾರ್ಕವಾಗಿ ನಡೆಯತಕ್ಕದ್ದೆಂದು ಬರೆಯಲಾಗಿದೆ. ಭೂಮಿಯೊಂದೇ ಆದರೂ ಅದರಿಂದ ಹುಟ್ಟುವ ಹಕ್ಕುಗಳು ಹಲವು. ‘ಆಗಾಮಿ’ ಎಂಬಲ್ಲಿ ಮುಂದೆ ಬರಬಹುದಾದ ಲಾಭವೂ ಸೇರಿತು. ಗ್ರಂಥದ ವಿಷಯವೂ ಹೀಗೆಯೇ. ಕರಾರುಪತ್ರವೆಂದರೆ ಪುಸ್ತಕವನ್ನು ಮಾರುವ ಚೀಟಿಯಲ್ಲ. ಒಂದು ಕೃತಿಯಿಂದ ಹುಟ್ಟುವ ಹಲವು ಹಕ್ಕುಗಳಲ್ಲಿ ಯಾವುದನ್ನು, ಎಲ್ಲಿಯವರೆಗೆ, ಎಷ್ಟು ಕಾಲಕ್ಕೆ ಕೊಟ್ಟಿದೆ ಎಂಬುದನ್ನು ಹೇಳುವ ಶಾಸನ. ಈ ಎಲ್ಲೆಗಳನ್ನು ಹಾಕದೆ ಸಹಿ ಮಾಡುವ ಲೇಖಕನು, ತಾನರಿಯದೆಯೇ, ಅಷ್ಟಭೋಗಸಹಿತವಾದ ಶಾಶ್ವತ ದಾನವನ್ನು ಮಾಡುವ ಸಂಭವವಿದೆ.

ಇಂಗ್ಲೆಂಡಿನ ಕವಿ ಮಿಲ್ಟನ್ ‘ಪ್ಯಾರಡೈಸ್ ಲಾಸ್ಟ್’ ಕಾವ್ಯಕ್ಕಾಗಿ ಮುದ್ರಕ ಸ್ಯಾಮ್ಯುಯೆಲ್ ಸಿಮನ್ಸ್‌ನೊಡನೆ ೧೬೬೭ರ ಏಪ್ರಿಲ್ ೨೭ರಂದು ಮಾಡಿಕೊಂಡ ಕರಾರು ಉಳಿದು ಬಂದಿದೆ. ಅದರಂತೆ ಕವಿಗೆ ಕೂಡಲೇ ಐದು ಪೌಂಡು. ಮೊದಲನೆಯ ಆವೃತ್ತಿಯ ೧೩೦೦ ಪ್ರತಿಗಳು ಮಾರಾಟವಾದ ಮೇಲೆ ಇನ್ನೈದು ಪೌಂಡು. ಎರಡನೆಯ ಮತ್ತು ಮೂರನೆಯ ಆವೃತ್ತಿಗಳು ಹಾಗೆಯೇ ಮಾರಾಟವಾದಲ್ಲಿ ತಲಾ ಐದೈದು ಪೌಂಡು. ಒಂದು ಆವೃತ್ತಿಯಲ್ಲಿ ೧೫೦೦ಕ್ಕಿಂತ ಹೆಚ್ಚು ಪ್ರತಿಗಳನ್ನು ಅಚ್ಚುಹಾಕಕೂಡದು. ಕವಿಯು ಕೇಳಿದಾಗ ಮಾರಾಟದ ಲೆಕ್ಕವನ್ನು ಮುದ್ರಕನು ಪ್ರಮಾಣಪೂರ್ವಕವಾಗಿ ಒಪ್ಪಿಸಬೇಕು. ಹಣ ಅಲ್ಪವೆಂದು ಇಂದು ಮರುಗುವವರು, ಈ ಪತ್ರದ ವಿವೇಕವನ್ನು ಗಮನಿಸುವುದಿಲ್ಲ. ಮಾರಾಟಕ್ಕೆ ತಕ್ಕ ಪ್ರತಿಫಲ, ಪ್ರತಿಗಳ ಮಿತಿ, ಲೆಕ್ಕ ಕೇಳುವ ಅಧಿಕಾರ, ಈ ಮೂರೂ ಅದರಲ್ಲಿವೆ. ಇಲ್ಲದಿದ್ದುದು ಒಂದೇ: ಹಕ್ಕು ಕವಿಗೆ ಮರಳಿ ಬರುವ ದಾರಿ. ಕವಿಯ ಮರಣಾನಂತರ, ೧೬೮೦ರಲ್ಲಿ, ಅವನ ಪತ್ನಿಯು ಎಂಟು ಪೌಂಡು ಪಡೆದು ಉಳಿದ ಬಾಧ್ಯತೆಯನ್ನೆಲ್ಲ ಬಿಟ್ಟುಕೊಟ್ಟಳು.

ಮರಳುವ ಹಕ್ಕಿನ ಕಲ್ಪನೆ ಕಾನೂನಿನೊಳಗೆ ಬಂದುದು ೧೭೧೦ರಲ್ಲಿ ಜಾರಿಗೆ ಬಂದ ರಾಣಿ ಆನ್‌ಳ ಶಾಸನದಿಂದ. ಅದು ಹೊಸ ಗ್ರಂಥಗಳಿಗೆ ಹದಿನಾಲ್ಕು ವರ್ಷಗಳ ಸ್ವಾಮ್ಯವನ್ನಿತ್ತು, ಆ ಅವಧಿ ಮುಗಿದಾಗ ಗ್ರಂಥಕರ್ತನು ಬದುಕಿದ್ದರೆ ಮತ್ತೆ ಹದಿನಾಲ್ಕು ವರ್ಷಗಳ ಹಕ್ಕು ಅವನಿಗೆ ಸೇರತಕ್ಕದ್ದೆಂದು ವಿಧಿಸಿತು. ಭಾರತದಲ್ಲಿ ೧೮೪೭ರಲ್ಲಿ ಕಂಪನಿ ಸರ್ಕಾರದ ಕಾಯಿದೆಯೂ, ೧೯೧೪ರಲ್ಲಿ ಬ್ರಿಟಿಷ್ ಕಾಯಿದೆಯನ್ನು ಅನುಸರಿಸಿದ ಇನ್ನೊಂದು ಕಾಯಿದೆಯೂ ಬಂದವು. ಇಂದು ನಮ್ಮನ್ನು ಆಳುವುದು ೧೯೫೭ರ ಗ್ರಂಥಸ್ವಾಮ್ಯ ಕಾಯಿದೆ. ಇದಕ್ಕೆ ೧೯೯೪ರಲ್ಲಿಯೂ ೨೦೧೨ರಲ್ಲಿಯೂ ಆದ ತಿದ್ದುಪಡಿಗಳು ಲೇಖಕರಿಗೆ ಬಹಳ ಮುಖ್ಯವಾದವು.

ಈ ಕಾಯಿದೆಯಂತೆ ಸ್ವಾಮ್ಯವು ಕೃತಿಯನ್ನು ಬರೆದ ಮಾತ್ರದಿಂದಲೇ ಹುಟ್ಟುತ್ತದೆ; ನೋಂದಣಿ ಕಡ್ಡಾಯವಲ್ಲ. ಅದು ಲೇಖಕನ ಜೀವಿತಕಾಲವಿಡೀ ಇದ್ದು, ಅವನು ತೀರಿಕೊಂಡ ಮರುವರ್ಷದಿಂದ ಅರುವತ್ತು ವರ್ಷಗಳವರೆಗೆ ಉಳಿಯುತ್ತದೆ. ಇಷ್ಟು ದೀರ್ಘಕಾಲ ಬಾಳುವ ಸ್ವತ್ತನ್ನು ಪ್ರಕಾಶಕರಿಗೆ ಒಪ್ಪಿಸಲು ಎರಡು ಮಾರ್ಗಗಳಿವೆ. ಒಂದು ವರ್ಗಾವಣೆ, ಇದರಲ್ಲಿ ಹಕ್ಕಿನ ಒಡೆತನವೇ ಕೈ ಬದಲಾಯಿಸುತ್ತದೆ. ಇನ್ನೊಂದು ಅನುಮತಿ; ಇದರಲ್ಲಿ ಒಡೆತನ ಲೇಖಕನಲ್ಲಿಯೇ ಉಳಿದು, ಪ್ರಕಾಶಕನಿಗೆ ಅನುಭೋಗ ಮಾತ್ರ ದೊರೆಯುತ್ತದೆ. ಭೂಮಿಯನ್ನು ಕ್ರಯಕ್ಕೆ ಕೊಡುವುದಕ್ಕೂ ಗೇಣಿಗೆ ಕೊಡುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಪುಸ್ತಕವನ್ನು ಅಚ್ಚುಹಾಕಿ ಮಾರಲು ಪ್ರಕಾಶಕನಿಗೆ ಅನುಮತಿಯಿದ್ದರೆ ಸಾಕು. ಬೇರೆ ಯಾರಿಗೂ ಕೊಡುವುದಿಲ್ಲವೆಂಬ ಭರವಸೆ ಅವನಿಗೆ ಬೇಕಾದಲ್ಲಿ, ಅನುಮತಿಯು ಅವನೊಬ್ಬನಿಗೇ ಮೀಸಲೆಂದು ಬರೆಯಬಹುದು. ಆದುದರಿಂದ ಹೊಸ ಲೇಖಕನು ಪತ್ರದಲ್ಲಿ ಮೊದಲು ಹುಡುಕಬೇಕಾದುದು, ತಾನು ಕೊಡುತ್ತಿರುವುದು ಕ್ರಯವೋ ಗೇಣಿಯೋ ಎಂಬುದನ್ನು.

ಬಾಯಿಮಾತಿನ ಮೇಲೆಯೇ ಪುಸ್ತಕಗಳು ಅಚ್ಚಾಗುವುದು ನಮ್ಮಲ್ಲಿ ಅಪರೂಪವಲ್ಲ. ಆದರೆ ಕಾಯಿದೆಯ ೧೯ನೆಯ ಕಲಮಿನಂತೆ, ಬರವಣಿಗೆಯಲ್ಲಿದ್ದು ಕೊಡುವವರ ರುಜುವಿಲ್ಲದ ವರ್ಗಾವಣೆಯು ಸಿಂಧುವಾಗದು. ಕೃತಿ ಯಾವುದು, ಕೊಟ್ಟ ಹಕ್ಕುಗಳಾವುವು, ಅವಧಿ ಎಷ್ಟು, ಯಾವ ದೇಶಗಳಿಗೆ ಅನ್ವಯಿಸುತ್ತದೆ, ರಾಯಧನವೆಷ್ಟು ಎಂಬುದನ್ನು ಪತ್ರವು ಹೇಳಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷಗಳೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ಅನುಮತಿಪತ್ರಗಳಿಗೂ ಇವೇ ನಿಯಮಗಳು ತಕ್ಕ ಮಾರ್ಪಾಟಿನೊಡನೆ ಅನ್ವಯಿಸುತ್ತವೆ. ಇಲ್ಲಿ ಒಂದು ಸ್ವಾರಸ್ಯವಿದೆ: ಮೌನವಾಗಿರುವ ಪತ್ರವು ಲೇಖಕನಿಗೆ ಅನುಕೂಲ; ‘ಸ್ವಾಮ್ಯವಿರುವಷ್ಟು ಕಾಲ, ಸಮಸ್ತ ಲೋಕದಲ್ಲಿ’ ಎಂದು ಸ್ಪಷ್ಟವಾಗಿ ಬರೆದ ಪತ್ರವೇ ಅವನಿಗೆ ಪ್ರತಿಕೂಲ. ಕಾನೂನು ಕೊಟ್ಟ ರಕ್ಷಣೆಯನ್ನು ಅನೇಕ ವೇಳೆ ನಮ್ಮ ಸಹಿಯೇ ಅಳಿಸುತ್ತದೆ.

ಇನ್ನು ಹಕ್ಕುಗಳ ಎಣಿಕೆ. ಮುದ್ರಣ, ಅನುವಾದ, ನಾಟಕರೂಪ, ಚಲನಚಿತ್ರ, ಧ್ವನಿಪುಸ್ತಕ, ವಿದ್ಯುನ್ಮಾನ ಪುಸ್ತಕ, ಇವು ಬೇರೆಬೇರೆಯಾಗಿ ಕೊಡಬಹುದಾದ ಹಕ್ಕುಗಳು. ೧೯೨೧ರಲ್ಲಿ ತೀರಿಕೊಂಡ ತಮಿಳು ಕವಿ ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ವಿಷಯದಲ್ಲಿ ಮುದ್ರಣದ ಹಕ್ಕು ಒಂದು ಕಡೆಗೂ, ಹಾಡುಗಳ ಧ್ವನಿಮುದ್ರಣ ಮತ್ತು ಪ್ರಸಾರದ ಹಕ್ಕು ಇನ್ನೊಂದು ಕಡೆಗೂ ಹೋದವು; ಎರಡನೆಯದು ಕಡೆಗೆ ಚಿತ್ರನಿರ್ಮಾಪಕ ಎ. ವಿ. ಮೆಯ್ಯಪ್ಪನ್ ಅವರ ಕೈಸೇರಿತು. ನಾಡೆಲ್ಲ ಹಾಡುತ್ತಿದ್ದ ಗೀತೆಗಳನ್ನು ಬಿಡಿಸಿಕೊಳ್ಳಲು ೧೯೪೯ರಲ್ಲಿ ಮದರಾಸು ಸರ್ಕಾರವೇ ಮುಂದಾಗಬೇಕಾಯಿತು. ಎಲ್ಲ ಲೇಖಕರಿಗೂ ಸರ್ಕಾರವು ಈ ರೀತಿ ನೆರವಾಗದು. ಪುಸ್ತಕವನ್ನು ಅಚ್ಚುಹಾಕುವ ಪ್ರಕಾಶಕರಿಗೆ ಅನುವಾದ ಮಾಡಿಸುವ ಅಥವಾ ಚಿತ್ರ ತೆಗೆಸುವ ಏರ್ಪಾಡು ಇಲ್ಲದಿದ್ದಲ್ಲಿ ಆ ಹಕ್ಕುಗಳನ್ನು ಅವರಿಗೆ ಕೊಡಲು ಕಾರಣವಿಲ್ಲ. ಮುಂದೆ ಹುಟ್ಟಬಹುದಾದ ಮಾಧ್ಯಮಗಳ ವಿಷಯದಲ್ಲಿ ೨೦೧೨ರ ತಿದ್ದುಪಡಿಯು ಒಂದು ಕಾಪನ್ನು ಇಟ್ಟಿದೆ: ಕರಾರಿನ ಕಾಲಕ್ಕೆ ಇಲ್ಲದ ಅಥವಾ ವಾಣಿಜ್ಯ ಬಳಕೆಗೆ ಬಾರದ ಮಾಧ್ಯಮಕ್ಕೆ, ಅದನ್ನು ಹೆಸರಿಸದ ಹೊರತು, ವರ್ಗಾವಣೆಯು ಅನ್ವಯಿಸುವುದಿಲ್ಲ. ನಮ್ಮ ಪ್ರಾಚೀನರು ಹೇಳಿದ ‘ಆಗಾಮಿ’ಯು ಹೀಗೆ ಲೇಖಕನಲ್ಲಿಯೇ ಉಳಿಯುತ್ತದೆ.

ಪ್ರಕಟಣೆಯ ಕಾಲಮಿತಿಯೂ ಅಷ್ಟೇ ಮುಖ್ಯ. ಜೇನ್ ಆಸ್ಟೆನ್ ೧೮೦೩ರಲ್ಲಿ ಒಂದು ಕಾದಂಬರಿಯನ್ನು ಲಂಡನ್ನಿನ ಕ್ರಾಸ್ಬಿ ಎಂಬ ಪ್ರಕಾಶಕನಿಗೆ ಹತ್ತು ಪೌಂಡಿಗೆ ಮಾರಿದಳು. ಅವನು ಅದನ್ನು ಅಚ್ಚುಹಾಕಲೇ ಇಲ್ಲ. ೧೮೦೯ರಲ್ಲಿ ಅವಳು ವಿಚಾರಿಸಿದಾಗ, ಪ್ರಕಟಣೆಗೆ ಕಾಲಾವಧಿಯನ್ನು ಗೊತ್ತುಪಡಿಸಿಲ್ಲವೆಂದೂ, ಬೇರೊಬ್ಬರು ಪ್ರಕಟಿಸಿದರೆ ತಾನು ತಡೆಯುವೆನೆಂದೂ, ಕೊಟ್ಟ ಹಣವನ್ನು ಹಿಂದಿರುಗಿಸಿದಲ್ಲಿ ಹಸ್ತಪ್ರತಿಯನ್ನು ಕೊಡುವೆನೆಂದೂ ಉತ್ತರ ಬಂದಿತು. ೧೮೧೬ರಲ್ಲಿ ಆ ಹತ್ತು ಪೌಂಡು ತೆತ್ತು ಹಸ್ತಪ್ರತಿಯನ್ನು ಬಿಡಿಸಿಕೊಳ್ಳಲಾಯಿತು. ‘ನಾರ್ಥ್ಯಾಂಗರ್ ಆಬಿ’ ಎಂಬ ಹೆಸರಿನಿಂದ ಅದು ಹೊರಬಂದಾಗ ೧೮೧೭ರ ಡಿಸೆಂಬರ್. ಲೇಖಕಿ ಅದೇ ಜುಲೈನಲ್ಲಿ ತೀರಿಕೊಂಡಿದ್ದಳು. ನಮ್ಮ ಕಾಯಿದೆಯಂತೆ, ವರ್ಗಾವಣೆ ಪಡೆದವನು ಒಂದು ವರ್ಷದೊಳಗೆ ಹಕ್ಕನ್ನು ಚಲಾಯಿಸದಿದ್ದರೆ ಅದು ರದ್ದಾದಂತೆಯೇ ಸರಿ. ಆದರೆ ಪತ್ರದಲ್ಲಿ ಬೇರೆ ರೀತಿಯಾಗಿ ಬರೆದಿದ್ದರೆ ಈ ರಕ್ಷಣೆಯಿಲ್ಲ. ಆದ್ದರಿಂದ ಹಸ್ತಪ್ರತಿ ತಲಪಿದ ಎಷ್ಟು ತಿಂಗಳಲ್ಲಿ ಪುಸ್ತಕ ಹೊರಬರಬೇಕು, ಬಾರದಿದ್ದರೆ ಏನು, ಎಂಬುದನ್ನು ಬರೆಸಿಕೊಳ್ಳುವುದು ಲೇಸು. ಪ್ರತಿಗಳು ಮುಗಿದ ಮೇಲೆ ಪುನರ್ಮುದ್ರಣ ಮಾಡದಿದ್ದರೆ ಹಕ್ಕು ಮರಳತಕ್ಕದ್ದೆಂಬ ಮಾತೂ ಇರಬೇಕು. ಬೇಡಿಕೆ ಬಂದಾಗ ಒಂದೊಂದೇ ಪ್ರತಿಯನ್ನು ಅಚ್ಚುಹಾಕುವ ಈ ಕಾಲದಲ್ಲಿ ‘ಪ್ರತಿಗಳು ಮುಗಿದಿವೆ’ ಎನ್ನುವ ಸ್ಥಿತಿಯೇ ಬಾರದಿರಬಹುದು. ಆದುದರಿಂದ ವರ್ಷಕ್ಕೆ ಇಂತಿಷ್ಟು ಪ್ರತಿಗಳಿಗಿಂತ ಕಡಿಮೆ ಮಾರಾಟವಾದರೆ ಹಕ್ಕು ಮರಳುವುದೆಂದು ಸಂಖ್ಯೆಯಲ್ಲಿಯೇ ಹೇಳಿಸುವುದು ಉತ್ತಮ.

ಹಣದ ವಿಷಯದಲ್ಲಿಯೂ ಆಸ್ಟೆನ್‌ಳ ಅನುಭವ ಬೋಧಪ್ರದವಾಗಿದೆ. ೧೮೧೧ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯನ್ನು ತನ್ನ ಹೊಣೆಯಲ್ಲಿಯೇ ಪ್ರಕಟಿಸಿದ ಅವಳಿಗೆ ಮೊದಲ ಆವೃತ್ತಿಯಿಂದ ೧೪೦ ಪೌಂಡು ಲಾಭ ಬಂದಿತು, ಸ್ವಾಮ್ಯವೂ ಉಳಿಯಿತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಸ್ವಾಮ್ಯವನ್ನು ೧೧೦ ಪೌಂಡಿಗೆ ಒಮ್ಮೆಗೇ ಮಾರಿದಳು; ಮುಂದಿನ ಆವೃತ್ತಿಗಳ ಲಾಭ ಪ್ರಕಾಶಕನದಾಯಿತು. ಒಂದೇ ಗಂಟಿನಲ್ಲಿ ಹಣ ಪಡೆಯುವುದು ಸುಲಭ. ಪುಸ್ತಕ ಬಾಳಿದರೆ ಅದೇ ನಷ್ಟ. ರಾಯಧನವನ್ನು ಒಪ್ಪಿಕೊಂಡಾಗಲೂ ಅದು ಯಾವುದರ ಮೇಲೆ ಎಂಬುದನ್ನು ಕೇಳಬೇಕು. ಉದಾಹರಣೆಗೆ, ೨೦೦ ರೂಪಾಯಿ ಮುಖಬೆಲೆಯ ಪುಸ್ತಕದ ೧೦೦೦ ಪ್ರತಿಗಳು ಮಾರಾಟವಾದುವೆಂದು ಇಟ್ಟುಕೊಳ್ಳೋಣ. ಮುಖಬೆಲೆಯ ಮೇಲೆ ಶೇಕಡ ೧೦ರಂತೆ ಲೇಖಕನಿಗೆ ೨೦,೦೦೦ ರೂಪಾಯಿ. ಅಂಗಡಿಯವರಿಗೆ ಶೇಕಡ ೪೦ ರಿಯಾಯಿತಿ ಕಳೆದು ಬಂದ ಹಣದ ಮೇಲೆ ಅದೇ ಶೇಕಡ ೧೦ ಆದರೆ ೧೨,೦೦೦ ರೂಪಾಯಿ. ಶೇಕಡ ಒಂದೇ, ಮೊತ್ತ ಬೇರೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಪ್ರತಿಗಳಿಗೂ ರಾಯಧನವುಂಟೇ, ಲೆಕ್ಕವನ್ನು ವರ್ಷಕ್ಕೆ ಎಷ್ಟು ಸಲ ಕೊಡುವರು, ಲೆಕ್ಕಪುಸ್ತಕವನ್ನು ನೋಡಬಹುದೇ ಎಂಬ ಪ್ರಶ್ನೆಗಳೂ ಅವಶ್ಯ. ಮಿಲ್ಟನ್ ೧೬೬೭ರಲ್ಲಿ ಪಡೆದ ಅಧಿಕಾರವನ್ನು ನಾವು ಇಂದು ಕೇಳುವುದು ಅವಿನಯವೆನಿಸದು.

ಅಧ್ಯಾಪಕರು ಇನ್ನೆರಡು ಅಂಶಗಳನ್ನು ಗಮನಿಸಬೇಕು. ಉದ್ಯೋಗದ ಅಂಗವಾಗಿ ಬರೆದ ಕೃತಿಗೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಉದ್ಯೋಗದಾತನೇ ಪ್ರಥಮ ಸ್ವಾಮಿ ಎಂದು ಕಾಯಿದೆ ಹೇಳುತ್ತದೆ. ಸಂಸ್ಥೆಯು ಬರೆಯಿಸಿದ ಪಠ್ಯಕ್ಕೂ ಬಿಡುವಿನಲ್ಲಿ ಬರೆದ ಗ್ರಂಥಕ್ಕೂ ಇರುವ ಭೇದವನ್ನು ತಮ್ಮ ಸಂಸ್ಥೆಯ ನಿಯಮಗಳಲ್ಲಿ ನೋಡಿಕೊಳ್ಳಬೇಕು. ಎರಡನೆಯದು ಲೇಖಕನ ಭರವಸೆಯ ಕಲಮು. ಗ್ರಂಥದಲ್ಲಿ ಪರಸ್ವಾಮ್ಯದ ಉಲ್ಲಂಘನೆಯಾಗಲಿ ಮಾನಹಾನಿಯಾಗಲಿ ಇಲ್ಲವೆಂದೂ, ವ್ಯಾಜ್ಯ ಬಂದರೆ ನಷ್ಟವನ್ನೆಲ್ಲ ತಾನೇ ತುಂಬುವೆನೆಂದೂ ಇದರಲ್ಲಿ ಬರೆದಿರುತ್ತದೆ. ಭಾವಚಿತ್ರ, ನಕ್ಷೆಗಳನ್ನು ಬಳಸುವ ಇತಿಹಾಸಕಾರನಿಗೆ ಇದು ಹಗುರವಾದ ಮಾತಲ್ಲ. ಅವುಗಳ ಅನುಮತಿ ಪಡೆಯುವವರಾರು ಎಂಬುದು ಮೊದಲೇ ನಿರ್ಣಯವಾಗಬೇಕು. ಭರವಸೆಯು ‘ನನಗೆ ತಿಳಿದ ಮಟ್ಟಿಗೆ’ ಎಂಬ ಮಿತಿಯೊಳಗಿರಬೇಕು.

ಕೊಟ್ಟರೂ ಹೋಗದ ಹಕ್ಕೊಂದು ಉಂಟು. ಕಾಯಿದೆಯ ೫೭ನೆಯ ಕಲಮಿನಂತೆ, ಸ್ವಾಮ್ಯವನ್ನು ಪೂರ್ತಿ ವರ್ಗಾಯಿಸಿದ ಮೇಲೆಯೂ, ಕೃತಿಯು ತನ್ನದೆಂದು ಹೇಳಿಕೊಳ್ಳುವ ಮತ್ತು ತನ್ನ ಗೌರವಕ್ಕೆ ಕುಂದು ತರುವ ವಿರೂಪಗಳನ್ನು ತಡೆಯುವ ಅಧಿಕಾರ ಲೇಖಕನಿಗೆ ಉಳಿಯುತ್ತದೆ. ಹಿಂದಿಯ ಮನ್ನೂ ಭಂಡಾರಿಯವರ ‘ಆಪ್ ಕಾ ಬಂಟಿ’ ಕಾದಂಬರಿಯನ್ನು ಆಧರಿಸಿದ ಚಿತ್ರದ ವ್ಯಾಜ್ಯದಲ್ಲಿ, ಕರಾರಿನ ಮಾತುಗಳನ್ನು ಈ ವಿಶೇಷ ಹಕ್ಕಿಗೆ ಅಧೀನವಾಗಿಯೇ ಓದಬೇಕೆಂದು ದೆಹಲಿ ಉಚ್ಚನ್ಯಾಯಾಲಯವು ೧೯೮೬ರಲ್ಲಿ ವಿವರಿಸಿತು.

ಶಬ್ದಗಳ ಆಯ್ಕೆ ಎಷ್ಟು ದೂರ ಪರಿಣಾಮ ಬೀರಬಲ್ಲದೆಂಬುದಕ್ಕೆ ಕನ್ನಡದ್ದೇ ನಿದರ್ಶನವಿದೆ. ೧೯೯೭ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಯಕ್ಷಗಾನ ಪ್ರಯೋಗಗಳ ಹಕ್ಕಿನ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, ೨೦೦೯ರಲ್ಲಿ ತೀರ್ಮಾನವಾಯಿತು. ಅವರ ಮರಣಶಾಸನದಲ್ಲಿದ್ದ ಸಾಹಿತ್ಯಕೃತಿಗಳ ಮಾತು ಯಕ್ಷಗಾನ ಪ್ರಯೋಗವನ್ನು ಒಳಗೊಳ್ಳುವುದೇ, ಅದು ನಾಟ್ಯಕೃತಿಯೇ, ಎಂಬ ಚರ್ಚೆ ನಡೆದು, ಉಳಿದ ಆಸ್ತಿಯನ್ನು ಕುರಿತ ಸಾಮಾನ್ಯ ವಾಕ್ಯವೇ ಕಡೆಗೆ ಆಧಾರವಾಯಿತು. ಕಾರಂತರ ಕೃತಿಗಳ ಸ್ವಾಮ್ಯವು ೨೦೫೭ರ ಕೊನೆಯವರೆಗೆ ಇರುತ್ತದೆ. ಇಷ್ಟು ಕಾಲದ ಮೇಲೆ ಅರ್ಥ ಹೇಳಬೇಕಾದಾಗ ಲೇಖಕನಿರುವುದಿಲ್ಲ; ಅವನು ಬರೆಸಿಟ್ಟ ಮಾತುಗಳು ಮಾತ್ರ ಇರುತ್ತವೆ.

ಪ್ರಬಂಧಗಳನ್ನು ಪುಸ್ತಕವಾಗಿಸಲು ಲೇಖಕರಿಂದಲೇ ಹಣ ಕೇಳುವ ಪ್ರಕಾಶಕರ ವಿಷಯವನ್ನೂ ಹೇಳಬೇಕು. ತನ್ನ ಖರ್ಚಿನಿಂದ ಪುಸ್ತಕ ಹೊರತರುವುದು ದೋಷವಲ್ಲ. ಆಸ್ಟೆನ್ ಮಾಡಿದ್ದೂ ಅದನ್ನೇ. ಆದರೆ ಹಣವನ್ನು ಲೇಖಕನೇ ತೆತ್ತ ಮೇಲೆ ಸ್ವಾಮ್ಯವೂ ಮಾರಾಟದ ಹುಟ್ಟುವಳಿಯ ಬಹುಭಾಗವೂ ಅವನಲ್ಲಿಯೇ ಉಳಿಯಬೇಕು. ಹಣವನ್ನೂ ತೆಗೆದುಕೊಂಡು ಹಕ್ಕನ್ನೂ ಬರೆಸಿಕೊಳ್ಳುವ ಪತ್ರಕ್ಕೆ ಸಹಿ ಮಾಡಲು, ಪದೋನ್ನತಿಯ ಆತುರವು ಸಾಕಾದ ಕಾರಣವಲ್ಲ.

ಪ್ರಕಾಶಕರನ್ನು ಶತ್ರುಗಳಂತೆ ಕಾಣಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಬಂಡವಾಳ ಹಾಕಿ, ನಷ್ಟದ ಭಯವನ್ನು ಹೊತ್ತು ನಮ್ಮ ಗ್ರಂಥಗಳನ್ನು ಓದುಗರ ಕೈಗೆ ತಲಪಿಸುವವರು ಅವರೇ. ಸ್ಪಷ್ಟವಾದ ಪತ್ರದಿಂದ ಅವರಿಗೂ ನೆಮ್ಮದಿ. ಹೊಸ ಲೇಖಕನು ಪತ್ರವನ್ನು ಮನೆಗೆ ತಂದು, ಒಂದು ವಾರ ಇಟ್ಟುಕೊಂಡು, ಕೊಟ್ಟುದೇನು, ಎಲ್ಲೆ ಯಾವುದು, ಕಾಲವೆಷ್ಟು, ಮರಳುವುದೆಂತು ಎಂಬ ನಾಲ್ಕು ಪ್ರಶ್ನೆಗಳನ್ನು ಹಾಕಿ ಓದಲಿ. ಉತ್ತರ ದೊರೆಯದ ಕಡೆ ಪ್ರಕಾಶಕರನ್ನು ಕೇಳಿ ಬರೆಸಲಿ. ಒಪ್ಪಲಾಗದ ಸಾಲನ್ನು ಹೊಡೆದುಹಾಕುವ ಅಧಿಕಾರವು ಸಹಿ ಹಾಕುವ ಮುನ್ನ ಮಾತ್ರ ಇರುತ್ತದೆ.