ಬಾನೆಟ್ ಎತ್ತಿದ್ರೆ ಹೊಳೀಬೇಕು ಅಂತೀರಾ? ಎಂಜಿನ್‌ಗೆ ಅಲಂಕಾರ ಮಾಡಿಸೋ ಮುಂಚೆ ಇಷ್ಟು ತಿಳ್ಕೊಳ್ಳಿ

ದಾವಣಗೆರೆ: ಆಯುಧಪೂಜೆ ಹಿಂದಿನ ದಿನ ಊರಿನ ಯಾವ ವಾಟರ್ ಸರ್ವಿಸ್ ಮುಂದೆ ನಿಂತ್ರೂ ಕಾಣೋ ದೃಶ್ಯ ಒಂದೇ. ಕಾರುಗಳ ಸಾಲು, ಎತ್ತಿದ ಬಾನೆಟ್, ಪ್ರೆಶರ್ ಪೈಪಿನಿಂದ ಸೀದಾ ಎಂಜಿನ್ ಮೇಲೆ ನೀರು. ಮಾರನೇ ದಿನ ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಚಾವಿ ತಿರುಗಿಸಿದ್ರೆ ಕೆಲವು ಗಾಡಿ ಸ್ಟಾರ್ಟೇ ಆಗಲ್ಲ. ಆವತ್ತು ಮೆಕ್ಯಾನಿಕ್ಕೂ ಸಿಗಲ್ಲ. ಅವರ ಗ್ಯಾರೇಜಲ್ಲೂ ಪೂಜೆ ಇರುತ್ತಲ್ಲ!

ಈಗ ಈ ಹೊಳಪಿನ ಆಸೆ ಹಬ್ಬಕ್ಕಷ್ಟೇ ನಿಂತಿಲ್ಲ. ಅಲಾಯ್ ವೀಲ್, ಸ್ಪಾಯ್ಲರ್ ಎಲ್ಲಾ ಹಾಕಿಸಿ ಮುಗಿದ ಮೇಲೆ ಮುಂದಿನ ಸರದಿ ಬಾನೆಟ್ ಒಳಗಿನದು. ಪೋಲೊ ಜಿಟಿ, ಆಕ್ಟೇವಿಯಾ ಆರ್‌ಎಸ್, ಐ20 ಎನ್ ಲೈನ್ ಥರದ ಚುರುಕು ಗಾಡಿ ಇಟ್ಟುಕೊಂಡವರಿಗೆ ಇದರ ಹುಚ್ಚು ಹೆಚ್ಚು. ಹಳೇ ಕಾಂಟೆಸ್ಸಾ, ಪದ್ಮಿನಿ ರಿಪೇರಿ ಮಾಡಿಸಿ ಮತ್ತೆ ರಸ್ತೆಗೆ ತರೋರಿಗೂ ಅಷ್ಟೇ. ಎಂಜಿನ್ ಕೂತಿರೋ ಆ ಇಡೀ ಗೂಡಿಗೆ ‘ಎಂಜಿನ್ ಬೇ’ ಅಂತಾರೆ. ಅದನ್ನು ತೊಳೆದು, ಬಣ್ಣ ಹಚ್ಚಿ, ಪಾಲಿಶ್ ಮಾಡಿ, ವೈರು ಪೈಪು ಒಪ್ಪ ಮಾಡೋದು ಒಂದು ಕಸುಬೇ ಆಗಿದೆ.

ಇದೇನು ಹೊಸ ಶೋಕಿಯಲ್ಲ. ಇಟಲಿಯ ಫೆರಾರಿ ಕಂಪನಿ 1957ರಲ್ಲಿ ತನ್ನ ರೇಸ್ ಕಾರಿನ ಎಂಜಿನ್ ಮೇಲಿನ ಮುಚ್ಚಳಗಳಿಗೆ ಕೆಂಪು ಬಣ್ಣ ಹಚ್ಚಿ, ಕಾರಿಗೇ ‘ಟೆಸ್ಟಾ ರೋಸಾ’ ಅಂತ ಹೆಸರಿಟ್ಟಿತು. ಅಂದ್ರೆ ಕೆಂಪು ತಲೆ. 1984ರಲ್ಲಿ ಅದೇ ಹೆಸರಲ್ಲಿ ಇನ್ನೊಂದು ಕಾರು ಬಂತು. 1999ರ 360 ಮೊಡೆನಾದಲ್ಲಂತೂ ಎಂಜಿನ್ ಎಲ್ಲರಿಗೂ ಕಾಣಲಿ ಅಂತ ಮೇಲೆ ಗಾಜನ್ನೇ ಕೂರಿಸಿದ್ರು. ಆದ್ರೆ ಅವರು ಯಾವ ಬಣ್ಣ ಎಷ್ಟು ಬಿಸಿ ತಡೆಯುತ್ತೆ ಅಂತ ಲೆಕ್ಕ ಹಾಕಿಯೇ ಹಚ್ಚಿದ್ದು. ನಮ್ಮಲ್ಲಿ ಎಡವಟ್ಟಾಗೋದು ಅಲ್ಲೇ.

ಮೊದಲು ತೊಳೆಯೋದು, ಅದೂ ಪೈಪಲ್ಲಿ ಅಲ್ಲ

ಮುಕ್ಕಾಲು ಭಾಗ ಅಂದ ಬರೀ ಶುದ್ಧ ಮಾಡೋದರಲ್ಲೇ ಬರುತ್ತೆ, ಖರ್ಚೂ ಕಮ್ಮಿ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬ್ಯಾಟರಿಯ ಮೈನಸ್ ವೈರ್ ಬಿಚ್ಚಬೇಕು. ಡೈನಮೊ, ಫ್ಯೂಸ್ ಬಾಕ್ಸ್, ಇಸಿಯು, ಏರ್ ಫಿಲ್ಟರ್ ಬಾಯಿ ಇವಕ್ಕೆಲ್ಲ ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ಟಬೇಕು. ಆಮೇಲೆ ಡಿಗ್ರೀಸರ್ ಸ್ಪ್ರೇ ಮಾಡಿ, ಹಳೇ ಪೇಂಟ್ ಬ್ರಷ್ಷಲ್ಲಿ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ನೀರು ಬೇಕೇ ಬೇಕು ಅಂದ್ರೆ ಗಿಡಕ್ಕೆ ಹಾಕೋ ಹಾಗೆ ಮೆಲ್ಲಗೆ. ಪ್ರೆಶರ್ ನೀರು ಸೆನ್ಸರ್ ಕನೆಕ್ಟರ್‌ಗಳ ರಬ್ಬರ್ ಸೀಲ್ ದಾಟಿ ಒಳಗೆ ಹೋಗಿ ಕೂರುತ್ತೆ. ಅದು ಆವತ್ತೇ ಕೈಕೊಟ್ರೆ ಪುಣ್ಯ. ಎಷ್ಟೋ ಸಲ ಪಿನ್ನಿಗೆ ತುಕ್ಕು ಹಿಡಿದು ಮೂರು ತಿಂಗಳಾದ ಮೇಲೆ ಮೀಟರಲ್ಲಿ ಹಳದಿ ಎಂಜಿನ್ ಲೈಟ್ ಹತ್ತಿಕೊಳ್ಳುತ್ತೆ. ಆಗ ಕಾರಣ ಹುಡುಕೋರಿಗೆ ಹಬ್ಬದ ನೀರು ನೆನಪಿಗೂ ಬರಲ್ಲ.

ಡೀಸೆಲ್, ಸೀಮೆಎಣ್ಣೆ ಹೊಡೆದು ತೊಳೆಯೋ ಹಳೇ ರೂಢಿ ಲಾರಿಗಳ ಕಾಲದ್ದು. ಹೊಳಪು ಬರುತ್ತೆ ನಿಜ. ಆದ್ರೆ ರಬ್ಬರ್ ಪೈಪು, ಬುಷ್ಷು ಉಬ್ಬುತ್ತವೆ, ಎರಡೇ ದಿನದಲ್ಲಿ ಧೂಳು ದುಪ್ಪಟ್ಟು ಅಂಟುತ್ತೆ. ಮೆಕ್ಕೆಜೋಳ ಒಣಗಿಸೋ ಕಣ, ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ ಇರೋ ಊರಲ್ಲಿ ಧೂಳಿಗೆ ಬರವಿಲ್ಲ. ಅದಕ್ಕಿಂತ ಮುಖ್ಯವಾದ ಮಾತು, ಬಿಸಿ ಸೈಲೆನ್ಸರ್ ಪಕ್ಕ ಡೀಸೆಲ್ ಪಸೆ ಉಳಿದ್ರೆ ಅದು ಬೆಂಕಿಗೆ ಕಾಯ್ತಾ ಇರುತ್ತೆ.

ಕೊನೆಗೆ ಪ್ಲಾಸ್ಟಿಕ್ ಕಪ್ಪಾಗಿ ಕಾಣೋಕೆ ಹಚ್ಚೋ ಡ್ರೆಸ್ಸಿಂಗ್ ವಾಟರ್ ಬೇಸ್ಡ್ ಇರಲಿ. ಎಣ್ಣೆಯಂಗಿರೋ ಸಿಲಿಕಾನ್ ಸ್ಪ್ರೇ ಬೆಲ್ಟ್ ಮೇಲೆ ಬಿದ್ರೆ ಕೀಚ್ ಅನ್ನೋ ಸದ್ದು ಶುರು.

ಬಣ್ಣ ಹಚ್ಚೋ ಮುಂಚೆ ಬಿಸಿ ಲೆಕ್ಕ

ಎಂಜಿನ್ ಮೇಲೆ ಮೊದಲು ಕಣ್ಣಿಗೆ ಬೀಳೋದು ಟ್ಯಾಪೆಟ್ ಕವರ್. ಕೆಂಪು, ನೀಲಿ ಅಂತ ಬಣ್ಣ ಹಚ್ಚಿಸೋರು ಇದನ್ನೇ ಬಿಚ್ಚೋದು. ಗೇಟು, ಕಿಟಕಿ ಗ್ರಿಲ್ಲಿಗೆ ಪೌಡರ್ ಕೋಟಿಂಗ್ ಮಾಡೋರ ಹತ್ರವೇ ಈ ಕೆಲಸ ಆಗುತ್ತೆ. ಪುಡಿ ಬಣ್ಣವನ್ನು ಕರೆಂಟ್ ಚಾರ್ಜ್ ಕೊಟ್ಟು ಲೋಹಕ್ಕೆ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಬೇಯಿಸ್ತಾರೆ. ಟ್ಯಾಪೆಟ್ ಕವರ್ ಓಡುವಾಗ ಅಷ್ಟು ಬಿಸಿ ಆಗಲ್ಲ, ಹಾಗಾಗಿ ಬಣ್ಣ ವರ್ಷಗಟ್ಟಲೆ ನಿಲ್ಲುತ್ತೆ.

ಆದ್ರೆ ಇಲ್ಲಿ ಎರಡು ಹಳ್ಳ ಇವೆ. ಒಂದು, ಈಗಿನ ಎಷ್ಟೋ ಕಾರುಗಳ ಟ್ಯಾಪೆಟ್ ಕವರ್ ಅಲ್ಯೂಮಿನಿಯಂ ಅಲ್ಲ, ಗಟ್ಟಿ ನೈಲಾನ್. ಒಲೆಗಿಟ್ರೆ ಸೊಟ್ಟಗಾಗಿ ವಾಪಸ್ ಕೂರಲ್ಲ. ಕವರ್ ಮೇಲೆ ಅಥವಾ ಒಳಗೆ ಪುಟ್ಟ ಇಂಗ್ಲಿಷ್ ಅಕ್ಷರದಲ್ಲಿ ‘ಪಿಎ 66’ ಅಂತ ಅಚ್ಚು ಇದ್ರೆ ಅದು ನೈಲಾನ್, ಒಲೆಗೆ ಕೊಡಲೇಬೇಡಿ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಬಣ್ಣಕ್ಕೆ ಮುಂಚೆ ಹಳೇ ಪದರ ತೆಗೆಯೋಕೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡ್ತಾರೆ. ಟ್ಯಾಪೆಟ್ ಕವರ್ ಒಳಮೈಯಲ್ಲಿ ಆಯಿಲ್ ಆವಿ ಹೋಗೋಕೆ ಒಂದು ತಗಡಿನ ಗೂಡು ಇರುತ್ತೆ, ಕೆಲವದರಲ್ಲಿ ರಿವೆಟ್ ಹೊಡೆದು ಮುಚ್ಚಿರ್ತಾರೆ. ಬ್ಲಾಸ್ಟಿಂಗ್ ಮರಳು ಅದರೊಳಗೆ ಹೋಗಿ ಕೂತ್ರೆ ಹೊರಗಿಂದ ಕಾಣಲ್ಲ, ಕೊಡವಿದ್ರೂ ಪೂರ್ತಿ ಬರಲ್ಲ. ಕವರ್ ವಾಪಸ್ ಹಾಕಿ ಎಂಜಿನ್ ಓಡಿಸಿದಾಗ ಬಿಸಿ ಆಯಿಲ್ ಆ ಮರಳನ್ನು ಕರಗಿಸಿಕೊಂಡ ಹಾಗೆ ಕೆಳಗೆ ಇಳಿಸುತ್ತೆ. ಆಮೇಲೆ ಬೇರಿಂಗು, ಕ್ಯಾಮು, ಆಯಿಲ್ ಪಂಪು. ಅಂದಕ್ಕೆ ಅಂತ ಹೋಗಿ ಇಡೀ ಎಂಜಿನ್ ಇಳಿಸೋ ಖರ್ಚು ತಲೆ ಮೇಲೆ ಬರೋದು ಹೀಗೆ. ಪೌಡರ್ ಕೋಟಿಂಗ್ ಅಂಗಡಿಯವರಿಗೆ ಗೇಟಿನ ಅನುಭವ ಇರುತ್ತೆ, ಈ ಗೂಡಿನ ಬಗ್ಗೆ ಗೊತ್ತಿರಬೇಕು ಅಂತೇನಿಲ್ಲ. ಅವರದ್ದು ತಪ್ಪಲ್ಲ, ಹೇಳಿ ಕೊಡಬೇಕಾದ್ದು ಗಾಡಿಯವರು. ಗೂಡಿನ ತಗಡು ಬಿಚ್ಚಿಸಿ ಕೊಡಿ. ಬಿಚ್ಚೋಕೆ ಆಗಲ್ಲ ಅಂದ್ರೆ ಬ್ಲಾಸ್ಟಿಂಗ್ ಬೇಡ, ಕೆಮಿಕಲ್ ರಿಮೂವರ್ ಮತ್ತು ವಾಟರ್ ಪೇಪರ್ ಸಾಕು. ಕವರ್ ಬಿಚ್ಚಿದ ಮೇಲೆ ಹಳೇ ಪ್ಯಾಕಿಂಗ್ ಮತ್ತೆ ಹಾಕಬೇಡಿ, ಹೊಸದು ತನ್ನಿ. ಪ್ಯಾಕಿಂಗ್ ಕೂರೋ ಜಾಗಕ್ಕೆ ಬಣ್ಣ ತಾಗದಂಗೆ ಟೇಪ್ ಹೊಡೆಸಿ, ಇಲ್ಲದಿದ್ರೆ ಆಯಿಲ್ ಸೋರುತ್ತೆ.

ಸೈಲೆನ್ಸರ್ ಶುರುವಾಗೋ ಮ್ಯಾನಿಫೋಲ್ಡ್‌ಗೆ ಪೌಡರ್ ಕೋಟಿಂಗ್ ಹಚ್ಚಿಸಿದ್ರೆ ಮೊದಲ ದಿನವೇ ಸುಟ್ಟು ಹೊಗೆ. ಅಲ್ಲಿ ಬಿಸಿ 600 ಡಿಗ್ರಿಯನ್ನೂ ದಾಟಬಹುದು, ಟರ್ಬೊ ಗಾಡಿಯಲ್ಲಿ ಜೋರಾಗಿ ಓಡಿಸಿದ್ರೆ ಕೆಂಪಗೆ ಕಾಯುತ್ತೆ. ಅದಕ್ಕೆ ಸೆರಾಮಿಕ್ ಕೋಟಿಂಗ್ ಅಥವಾ ಅಷ್ಟು ಬಿಸಿ ತಡೆಯುತ್ತೆ ಅಂತ ಡಬ್ಬಿ ಮೇಲೇ ಬರೆದಿರೋ ಪೇಂಟ್ ಮಾತ್ರ.

ಹರಿಹರದ ಲೇತು ಇರುವಾಗ ಆನ್‌ಲೈನ್ ಯಾಕೆ?

ಆಯಿಲ್ ಕ್ಯಾಪು, ಬ್ಯಾಟರಿ ಹಿಡಿಯೋ ಪಟ್ಟಿ, ಬೋಲ್ಟಿನ ವಾಷರು, ಸಣ್ಣಪುಟ್ಟ ಬ್ರಾಕೆಟ್ಟು ಇವನ್ನೆಲ್ಲ ಹೊಳೆಯೋ ಅಲ್ಯೂಮಿನಿಯಮ್ಮಲ್ಲಿ ಮಾಡಿ ಆನ್‌ಲೈನಲ್ಲಿ ಮಾರ್ತಾರೆ. ನಮ್ಮ ಹುಡುಗರೂ ತರಿಸ್ತಾರೆ. ತುಂಗಭದ್ರೆ ದಡದ ಹರಿಹರ ಒಂದು ಕಾಲಕ್ಕೆ ದೇಶಕ್ಕೇ ಲೇತ್ ಕೊಟ್ಟ ಊರು ಅನ್ನೋದು ಮರೆತಂಗಿದೆ. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪಲ್ಲಿ ಇವತ್ತಿಗೂ ತಿರುಗ್ತಾ ಇವೆ. ಕಾರ್ಖಾನೆ ಬಾಗಿಲು ಹಾಕಿ ಎರಡು ದಶಕ ದಾಟಿತು. ಆದ್ರೆ ಆ ಕೈಕಸುಬು ಊರಲ್ಲಿ ಪೂರ್ತಿ ಅಳಿದಿಲ್ಲ. ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರವೂ ಹರಿಹರದಲ್ಲಿದೆ. ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಇದೆ. ಡ್ರಾಯಿಂಗ್ ಹಾಕೋ ಹುಡುಗರಿಗೂ, ಅದನ್ನು ಕಡೆದು ಕೊಡೋ ಟರ್ನರ್‌ಗೂ ನಡುವೆ ಇರೋದು ಹದಿನಾಲ್ಕು ಹದಿನೈದು ಕಿಲೋಮೀಟರ್ ರಸ್ತೆ.

ಟರ್ನರ್ ಹತ್ರ ಹೋಗುವಾಗ ಬಾಯಿಮಾತಲ್ಲಿ ಅಳತೆ ಹೇಳಬೇಡಿ, ಹಳೇ ಪೀಸನ್ನೇ ಒಯ್ಯಿರಿ. ಆಯಿಲ್ ಕ್ಯಾಪಿನ ಥ್ರೆಡ್ ಪಿಚ್ ಕೂದಲೆಳೆ ತಪ್ಪಿದ್ರೂ ಟ್ಯಾಪೆಟ್ ಕವರಿನ ಥ್ರೆಡ್ ಕಿತ್ತು ಹೋಗುತ್ತೆ. ಒಳಗಿನ ಓ ರಿಂಗ್ ಆಯಿಲ್ ತಡೆಯೋ ನೈಟ್ರೈಲ್ ರಬ್ಬರ್ ಇರಲಿ. ಬ್ಯಾಟರಿ ಪಟ್ಟಿ ಲೋಹದ್ದಾದ್ರೆ ಪ್ಲಸ್ ಟರ್ಮಿನಲ್‌ಗೆ ಯಾವ ಕಾರಣಕ್ಕೂ ತಾಗಬಾರದು, ಮೇಲೆ ರಬ್ಬರ್ ಕ್ಯಾಪ್ ಹಾಕಲೇಬೇಕು. ರೇಡಿಯೇಟರ್ ಕ್ಯಾಪ್ ಮಾತ್ರ ಕಡೆಸೋ ಸಾಹಸ ಬೇಡ. ಅದು ಬರೀ ಮುಚ್ಚಳ ಅಲ್ಲ, ಒಳಗೆ ಸ್ಪ್ರಿಂಗ್ ವಾಲ್ವ್ ಇದೆ. ಒತ್ತಡ ಇಂತಿಷ್ಟೇ ಇರಬೇಕು ಅಂತ ಕಾಯೋದು ಅದೇ. ಅಂದ ಬೇಕಿದ್ರೆ ಕಂಪನಿ ಕ್ಯಾಪ್ ಮೇಲೆ ಕೂರೋ ಒಂದು ಬಳೆ ಮಾಡಿಸಿ.

ಅಲ್ಯೂಮಿನಿಯಂ ಪಾಲಿಶ್ ಮನೆಯಲ್ಲೇ ಆಗುತ್ತೆ, ತಾಳ್ಮೆ ಬೇಕು. 400ರ ವಾಟರ್ ಪೇಪರಿಂದ ಶುರು ಮಾಡಿ 800, 1200, 2000 ಅಂತ ಏರ್ತಾ ಹೋಗಿ, ಕೊನೆಗೆ ಬಫ್. ಒಂದು ನಂಬರ್ ಹಾರಿಸಿದ್ರೂ ಗೀರು ಬಿಸಿಲಲ್ಲಿ ಎದ್ದು ಕಾಣುತ್ತೆ.

ಬಣ್ಣದ ಪೈಪು, ಬಣ್ಣದ ವೈರು

ಕೆಂಪು ನೀಲಿ ಸಿಲಿಕಾನ್ ಪೈಪು ನೋಡೋಕೆ ಚಂದ, ಕೂಲಂಟ್ ನೀರಿಗೆ ಗಟ್ಟಿ ಕೂಡ. ಆದ್ರೆ ಅದೇ ಪೈಪನ್ನು ಪೆಟ್ರೋಲ್ ಲೈನಿಗೆ ಹಾಕಿದ್ರೆ ಅಪಾಯ. ಸಾಮಾನ್ಯ ಸಿಲಿಕಾನ್ ಪೆಟ್ರೋಲ್ ತಡೆಯಲ್ಲ, ಮೆತ್ತಗಾಗಿ ಆವಿ ಹೊರಗೆ ಬಿಡುತ್ತೆ. ಮಾರೋ ಅಂಗಡಿಯವರು ಗಿರಾಕಿಗೆ ಇದೊಂದು ಮಾತು ಹೇಳಿ ಕೊಟ್ರೆ ದೊಡ್ಡ ಉಪಕಾರ. ಇಂಧನಕ್ಕೆ ಇಂಧನದ ಪೈಪೇ ಬೇಕು, ಬಣ್ಣ ಕಪ್ಪಾದ್ರೂ ಸರಿ.

ವೈರಿಂಗ್ ವಿಚಾರದಲ್ಲೂ ಅಷ್ಟೇ. ಬಾನೆಟ್ ಕೆಳಗೆ ಎಲ್‌ಇಡಿ ಪಟ್ಟಿ ಹಾಕೋಕೆ ಯಾವುದೋ ವೈರಿನ ಸಿಪ್ಪೆ ಸುಲಿದು ಸುತ್ತಿ ಟೇಪ್ ಹೊಡೆಯೋದು ಬೇಡ. ಬ್ಯಾಟರಿಯಿಂದ ಪ್ರತ್ಯೇಕ ಲೈನು, ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸು, ಬಿಸಿ ಭಾಗಕ್ಕೆ ತಾಗದ ದಾರಿ. ಬಣ್ಣದ ಸ್ಲೀವ್ ಹಾಕಿಸೋರು ಕಿತ್ತಳೆ ಬಣ್ಣ ಬಿಡಿ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳಲ್ಲಿ ಹೈ ವೋಲ್ಟೇಜ್ ಕೇಬಲ್ಲಿನ ಗುರುತು ಅದು, ನಾಳೆ ರಿಪೇರಿಗೆ ಕೈ ಹಾಕೋರು ಗೊಂದಲ ಬೀಳ್ತಾರೆ. ಭದ್ರಾ ಕಾಲುವೆ ನೀರು ಹರಿಯೋ ಭತ್ತದ ಸೀಮೆ ನಮ್ಮದು, ಇಲಿ ಕಾಟ ಹೇಳೋದೇ ಬೇಡ. ವಾರಗಟ್ಟಲೆ ನಿಲ್ಲಿಸೋ ಶೋಕಿ ಕಾರಿನ ಹೊಸ ಸ್ಲೀವನ್ನು ಆಗಾಗ ಬಾನೆಟ್ ಎತ್ತಿ ನೋಡ್ತಿರಿ.

ಆರ್‌ಟಿಒ ಏನಂತಾರೆ?

ಬಣ್ಣ, ಪಾಲಿಶ್, ಸ್ಲೀವ್, ಕ್ಯಾಪ್ ಇವು ಆರ್‌ಸಿಯಲ್ಲಿರೋ ಯಾವ ವಿವರವನ್ನೂ ಬದಲಿಸಲ್ಲ. ಎಂಜಿನ್ ನಂಬರ್ ಇರೋ ಜಾಗವನ್ನು ಮಾತ್ರ ಬಣ್ಣದಲ್ಲಿ ಮುಚ್ಚಬೇಡಿ, ಉಜ್ಜಲೂಬೇಡಿ. ಕೆಎ 17 ಗಾಡಿ ಮಾರುವಾಗ, ಎಫ್‌ಸಿಗೆ ಒಯ್ಯುವಾಗ ಮೊದಲು ನೋಡೋದೇ ಅದನ್ನು.

ಅಂದ ದಾಟಿ ಎಂಜಿನ್ನನ್ನೇ ಬದಲಿಸೋದು, ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಸದ್ದು ಏರಿಸೋದು ಬೇರೆ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷ ಸೇರಿದ 182ಎ ಸೆಕ್ಷನ್ನಿನಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಪ್ರತಿ ಬದಲಾವಣೆಗೆ ಅನ್ನೋದನ್ನ ಗಮನಿಸಿ, ಪ್ರತಿ ಗಾಡಿಗೆ ಅಲ್ಲ.

ಹೊಸ ಗಾಡಿಯವರು ವಾರಂಟಿ ಪುಸ್ತಕ ಒಮ್ಮೆ ಓದಿ. ವೈರಿಂಗಿಗೆ ಕೈ ಹಾಕಿಸಿದ್ರೆ ಆ ಭಾಗದ ವಾರಂಟಿ ಬಿಟ್ಟಂಗೇ. ಹೆಚ್ಚುವರಿ ಎಲೆಕ್ಟ್ರಿಕಲ್ ಸಾಮಾನು ಹಾಕಿಸಿದ್ರೆ ಬಿಲ್ ಇಟ್ಟುಕೊಂಡು ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಳ್ಳೋ ಅವಕಾಶ ಇದೆ. ಬೆಂಕಿ ಬಿದ್ದ ಮೇಲೆ ಸರ್ವೇಯರ್ ಮೊದಲು ಕೇಳೋದೇ ಈ ಹೊಸ ವೈರ್ ಎಲ್ಲಿಂದ ಬಂತು ಅಂತ. ಬಿಲ್ ಇಲ್ಲದ ಕೆಲಸಕ್ಕೆ ಆಗ ಉತ್ತರ ಇರಲ್ಲ. ಅಂಗಡಿಯವರೂ ಬಿಲ್ ಕೊಡೋದು ಒಳ್ಳೇದು, ಏನು ಹಾಕಿದ್ವಿ ಏನು ಹಾಕಿಲ್ಲ ಅನ್ನೋದಕ್ಕೆ ಅವರಿಗೂ ಅದೇ ದಾಖಲೆ.

ಕೆಲಸ ಮುಗಿದು ಗಾಡಿ ಕೈಗೆ ಬಂದಾಗ ಬಾನೆಟ್ ಎತ್ತಿಯೇ ಹತ್ತು ಹದಿನೈದು ನಿಮಿಷ ಎಂಜಿನ್ ಓಡಿಸಿ ನೋಡಿ. ಟ್ಯಾಪೆಟ್ ಕವರ್ ಅಂಚಲ್ಲಿ ಆಯಿಲ್ ಪಸೆ, ಹೋಸ್ ಕ್ಲಿಪ್ ಹತ್ರ ನೀರಿನ ಹನಿ, ಸುಟ್ಟ ವಾಸನೆ ಇದ್ರೆ ಅಲ್ಲೇ ಹೇಳಿ. ದಾವಣಗೆರೆಯಿಂದ ಹರಿಹರಕ್ಕೆ ಒಂದು ಸಲ ಹೋಗಿ ಬಂದ ಮೇಲೆ ಕ್ಲಿಪ್ಪುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ. ಇನ್ನು ಮುಂದಿನ ಆಯುಧಪೂಜೆಗೆ ಅರಿಶಿನ ಕುಂಕುಮ ಬಾನೆಟ್ ಮೇಲೆ ಹಚ್ಚಿ, ಬ್ಯಾಟರಿ ಟರ್ಮಿನಲ್ಲಿಗೆ ಬೇಡ. ಎಂಜಿನ್ ಮೇಲೆ ಹೂವಿನ ಹಾರ ಇಟ್ಟಿದ್ರೆ ತೆಗೆದು ಆಮೇಲೆ ಚಾವಿ ತಿರುಗಿಸಿ, ದಾರ ಫ್ಯಾನ್ ಬೆಲ್ಟಿಗೆ ಸಿಕ್ಕುತ್ತೆ.