ಸದ್ದು ಮೊದಲು, ಗುಂಡು ಆಮೇಲೆ

ಒಮಾನಿನ ಯಾವುದೋ ಒಣ ವಾದಿಯಲ್ಲಿ, ಅಂದರೆ ನೀರು ಬತ್ತಿದ ಕಣಿವೆಯಲ್ಲಿ, ಗುಡ್ಡಕ್ಕೆ ಒರಗಿಸಿದ ಹಾಗೆ, 300 ಮೀಟರ್ ದೂರದಲ್ಲಿ ಒಂದು ಉಕ್ಕಿನ ತಟ್ಟೆ ತೂಗುತ್ತಿದೆ ಅಂದುಕೊಳ್ಳಿ. ಬಿಸಿಲು 40 ಡಿಗ್ರಿ. ಈ ತುದಿಯಲ್ಲಿ ಬೋರಲು ಮಲಗಿದವರ ಕೈಯಲ್ಲಿ ಪಾಯಿಂಟ್ 22 ರೈಫಲ್. ಟ್ರಿಗರ್ ಒತ್ತಿದ ಮೇಲೆ ತಟ್ಟೆಯನ್ನು ಮೊದಲು ಮುಟ್ಟುವುದು ಸಿಡಿದ ಸದ್ದು. ಗುಂಡು ಅದರ ಹಿಂದೆ ಬರುತ್ತದೆ. ಸದ್ದಿಗೆ ಸುಮಾರು 0.85 ಸೆಕೆಂಡು ಸಾಕು, ಗುಂಡಿಗೆ 1.1 ಸೆಕೆಂಡು ಬೇಕು. ಹೊಡೆದವರಿಗೆ ತಟ್ಟೆಯ ಟಣ್ ಕೇಳುವುದು ಇನ್ನೂ ತಡ. ಗುಂಡು ಅಲ್ಲಿಗೆ ಹೋಗಬೇಕು, ಸದ್ದು ಅಷ್ಟೇ ದೂರ ತಿರುಗಿ ಬರಬೇಕು, ಒಟ್ಟು ಎರಡು ಸೆಕೆಂಡು. ಕಣ್ಣೆವೆ ಇಕ್ಕುವುದರೊಳಗೆ ಎಲ್ಲ ಮುಗಿಯುತ್ತದೆಂದು ನಂಬಿದವರಿಗೆ ಇದು ಬಹಳ ಹೊತ್ತು. ಅಷ್ಟರಲ್ಲಿ ಎದೆ ಎರಡು ಸಲ ಬಡಿದಿರುತ್ತದೆ.

ಗುರಿ ಪಂದ್ಯದ 22 ಗುಂಡನ್ನು ಬೇಕೆಂದೇ ಸದ್ದಿಗಿಂತ ನಿಧಾನವಾಗಿ ಹೋಗುವಂತೆ ಮಾಡುತ್ತಾರೆ. ನಳಿಗೆಯ ಬಾಯಲ್ಲಿ ಅದರ ವೇಗ ಸೆಕೆಂಡಿಗೆ 325ರಿಂದ 331 ಮೀಟರ್. ಸದ್ದಿಗಿಂತ ವೇಗವಾಗಿ ಹೊರಟ ಗುಂಡು ದಾರಿಯಲ್ಲಿ ವೇಗ ಕಳೆದುಕೊಂಡು ಸದ್ದಿನ ವೇಗಕ್ಕೆ ಇಳಿಯುವಾಗ ಗಾಳಿಯ ಒತ್ತಡ ಅದನ್ನು ಅಲುಗಿಸುತ್ತದೆ, ಗುರಿ ಚದುರುತ್ತದೆ. ಆದ್ದರಿಂದ ಆ ಗಡಿಯ ಈಚೆಗೇ ಇರುವುದು ಲೇಸು. ಗಡಿಯಾದರೋ ಎಲ್ಲ ಊರಿನಲ್ಲೂ ಒಂದೇ ಕಡೆ ಇಲ್ಲ. ಸೊನ್ನೆ ಡಿಗ್ರಿ ಚಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ 331 ಮೀಟರ್, ಅಂದರೆ ಗುಂಡು ಅದರ ಮೈಗೆ ಮೈ ತಾಗಿಸಿಕೊಂಡೇ ಹೋಗುತ್ತದೆ. ಮಸ್ಕತ್ತಿನ ಆಗ್ನೇಯಕ್ಕೆ ಕಡಲ ದಂಡೆಯಲ್ಲಿರುವ ಖುರಯ್ಯಾತ್ ಊರಿನಲ್ಲಿ 2018ರ ಜೂನ್ 26ರಂದು ಇಡೀ 24 ತಾಸಿನಲ್ಲಿ ತಾಪಮಾನ 42.6 ಡಿಗ್ರಿಗಿಂತ ಕೆಳಗೆ ಇಳಿಯಲೇ ಇಲ್ಲ. ದಿನದ ಅತಿ ಕಡಿಮೆ ತಾಪಮಾನವೇ ಇಷ್ಟಿದ್ದದ್ದು ಆಗ ಜಗತ್ತಿನ ದಾಖಲೆಯಾಯಿತು. ಆ ಬಿಸಿಯಲ್ಲಿ ಸದ್ದು ಸೆಕೆಂಡಿಗೆ 356 ಮೀಟರ್ ಓಡುತ್ತದೆ. ಕಾದ ಮದ್ದು ಗುಂಡಿನ ವೇಗವನ್ನೂ ಕೊಂಚ ಏರಿಸುತ್ತದೆ ನಿಜ. ಆದರೂ ಗಡಿ ಮುಟ್ಟುವ ಭಯ ಅಲ್ಲಿ ಬಹಳ ಕಡಿಮೆ. ಮನುಷ್ಯ ಬೇಯುವ ಹವೆಯಲ್ಲಿ ಈ ಗುಂಡಿಗೆ ಹೆಚ್ಚು ನೆಮ್ಮದಿ!

ಗುಂಡಿನ ತೂಕ 2.6 ಗ್ರಾಂ. ದಪ್ಪ 5.6 ಮಿಲಿಮೀಟರ್. ಅದನ್ನು ತಳ್ಳುವ ಮದ್ದು ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಸಿಡಿಸುವ ರಾಸಾಯನಿಕವನ್ನು ಬೇರೆ ಟೋಪಿಯಲ್ಲಿಡದೆ ತೋಟೆಯ ತಳದ ಅಂಚಿನ ಮಡಿಕೆಯೊಳಗೇ ತುಂಬಿರುತ್ತಾರೆ. ಸೂಜಿ ಆ ಅಂಚನ್ನು ಜಜ್ಜಿದರೆ ಬೆಂಕಿ ಹೊತ್ತುತ್ತದೆ. 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪನಿ ತಂದ ಈ ತೋಟೆಯ ಅಳತೆ ಇಂದಿಗೂ ಅದೇ. ಹೊರಡುವಾಗ ಗುಂಡಿನಲ್ಲಿರುವ ಶಕ್ತಿ ಸುಮಾರು 137 ಜೂಲ್. ಒಮಾನಿನ ಸಲಾಲಾದ ತೋಟಗಳಲ್ಲಿ ನಮ್ಮ ಕರಾವಳಿಯಂತೆಯೇ ತೆಂಗು ಬೆಳೆಯುತ್ತದಲ್ಲ, ಅಲ್ಲಿ 14 ಮೀಟರ್ ಎತ್ತರದ ಮರದಿಂದ ಒಂದು ಕಿಲೋ ತೂಗುವ ಕಾಯಿ ಬಿದ್ದರೆ ನೆಲಕ್ಕೆ ತಟ್ಟುವ ಶಕ್ತಿ ಇಷ್ಟೇ. ಇಷ್ಟನ್ನೇ ನಂಬಿಕೊಂಡು 300 ಮೀಟರ್ ದಾಟಬೇಕು. ಹಾಗೆಂದು ಇದನ್ನು ಆಟಿಕೆ ಎಂದುಕೊಳ್ಳಬಾರದು. ನಳಿಗೆ ಎತ್ತಿ ಹೊಡೆದರೆ ಗುಂಡು ಒಂದೂವರೆ ಕಿಲೋಮೀಟರಿನವರೆಗೂ ಹೋಗಬಲ್ಲದು, ಜೀವ ತೆಗೆಯಬಲ್ಲದು. ಹಿಂದೆ ಗುಡ್ಡವಿರಬೇಕು ಎನ್ನುವುದು ಅದಕ್ಕೇ.

ನಳಿಗೆಯೊಳಗಿನ ಸುರುಳಿ ಗೀರುಗಳು ಸುಮಾರು 40 ಸೆಂಟಿಮೀಟರಿಗೆ ಒಂದು ಸುತ್ತಿನಂತೆ ಗುಂಡನ್ನು ತಿರುಗಿಸುತ್ತವೆ. ವೇಗವನ್ನು ಅದರಿಂದ ಭಾಗಿಸಿ ನೋಡಿ: ಸೆಕೆಂಡಿಗೆ 800 ಸುತ್ತು, ನಿಮಿಷಕ್ಕೆ 48,000. ತಟ್ಟೆ ಮುಟ್ಟುವ ಹೊತ್ತಿಗೆ ಆ ಸೀಸದ ತುಣುಕು 800ಕ್ಕೂ ಹೆಚ್ಚು ಸಲ ತನ್ನ ಸುತ್ತ ತಾನೇ ಸುತ್ತಿರುತ್ತದೆ.

ಒಮಾನಿಗೆ ಬಂದೂಕು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮಸ್ಕತ್ ಬಂದರು ಈ ಭಾಗದ ದೊಡ್ಡ ಬಂದೂಕು ಪೇಟೆಯಾಗಿತ್ತು. ಬ್ರಿಟಿಷರ ಒತ್ತಾಯಕ್ಕೆ ಮಣಿದು ಸುಲ್ತಾನ ಫೈಸಲ್ ಬಿನ್ ತುರ್ಕಿ 1912ರಲ್ಲಿ ಬಂದೂಕುಗಳನ್ನೆಲ್ಲ ಒಂದೇ ಸರ್ಕಾರಿ ಉಗ್ರಾಣದ ಮೂಲಕ ಹಾಯಿಸುವ ಕಟ್ಟುಪಾಡು ತಂದ. ಒಳನಾಡಿನ ಬುಡಕಟ್ಟುಗಳು ಅದಕ್ಕೆ ಕೆರಳಿದವು. ಆ ಕಾಲದ ಮಾರ್ಟಿನಿ ಹೆನ್ರಿ ಬಂದೂಕನ್ನು ಒಮಾನಿ ಮನೆಗಳಲ್ಲಿ ಇಂದಿಗೂ ಅಕ್ಕರೆಯಿಂದ ಇಟ್ಟುಕೊಳ್ಳುತ್ತಾರೆ. ಅದರ ಗುಂಡು 31 ಗ್ರಾಂ, ಅಂದರೆ 22ರ ಹನ್ನೆರಡು ಗುಂಡುಗಳಿಗೆ ಸಮ. ಆ ಭಾರದ ಪಕ್ಕದಲ್ಲಿ ಈ ಚಿಕ್ಕ ರೈಫಲ್ ಕೂಡ ಜನರ ಮನಸ್ಸಿನಲ್ಲಿ ಜಾಗ ಮಾಡಿಕೊಂಡಿದೆ. ಕೊಲ್ಲಿಯ ಅರಬರು ಇದನ್ನು ಸಕ್ತೂನ್ ಎನ್ನುತ್ತಾರೆ. ದುಬೈಯ ಫಜ್ಜಾ ಪರಂಪರೆಯ ಪಂದ್ಯಗಳಲ್ಲಿ ಸಕ್ತೂನಿಗೇ ಒಂದು ಪ್ರತ್ಯೇಕ ಸ್ಪರ್ಧೆ ಇದೆ. ಒಮಾನಿನ ಹಳ್ಳಿಗಳಲ್ಲಿ ಈದ್ ಬಂತೆಂದರೆ ಗುರಿ ಹೊಡೆಯುವ ಪಂದ್ಯವೂ ಹಬ್ಬದ ಒಂದು ಭಾಗ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಒಮಾನ್ ಮೊದಲ ಸಲ ತಂಡ ಕಳಿಸಿದಾಗಲೇ ಅದರಲ್ಲಿ ಶೂಟರುಗಳಿದ್ದರು. 2016ರ ರಿಯೊಗೆ ಹೋದ ನಾಲ್ವರಲ್ಲಿ ಇಬ್ಬರು ಶೂಟಿಂಗಿನವರು: ಏರ್ ಪಿಸ್ತೂಲಿಗೆ ವಧಾ ಅಲ್ ಬಲೂಶಿ, 50 ಮೀಟರ್ ತ್ರೀ ಪೊಸಿಷನ್ ರೈಫಲಿಗೆ ಹಮದ್ ಅಲ್ ಖತ್ರಿ. ಮಂಡಿಯೂರಿ 40, ಮಲಗಿ 40, ನಿಂತು 40, ಒಟ್ಟು 120 ಗುಂಡು ಹೊಡೆಯಬೇಕಿದ್ದ ಸ್ಪರ್ಧೆ ಅದು. ಪ್ಯಾರಿಸ್ ಒಲಿಂಪಿಕ್ಸಿನ ಹೊತ್ತಿಗೆ ಅದನ್ನು 60ಕ್ಕೆ ಇಳಿಸಿದರು. ನಮ್ಮ ಗಡಿಗೆ ಅಂಟಿಕೊಂಡ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಕಂಚು ಗೆದ್ದದ್ದು ಇದರಲ್ಲೇ, 451.4 ಅಂಕದೊಡನೆ. ಬಂದೂಕು ಅದೇ ಪಾಯಿಂಟ್ 22.

ಆ 50 ಮೀಟರ್ ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಅದೇ ಕೋನವನ್ನು 300 ಮೀಟರಿಗೆ ಎಳೆದರೆ 6.2 ಸೆಂಟಿಮೀಟರ್ ಆಗುತ್ತದೆ. ಒಲಿಂಪಿಕ್ಸಿನಲ್ಲಿ ಹತ್ತು ಹೊಡೆಯುವ ಕೈ ಇಲ್ಲೂ ಅಷ್ಟನ್ನು ಹೊಡೆಯಲೇಬೇಕಲ್ಲ ಅನ್ನಿಸಬಹುದು. ಲೆಕ್ಕ ಬೇರೆಯೇ ಹೇಳುತ್ತದೆ. 50 ಮೀಟರ್ ದಾಟುವಷ್ಟರಲ್ಲಿ ಗುಂಡು ನಳಿಗೆಯ ನೇರದಿಂದ ಬೀಳುವುದು 12 ಸೆಂಟಿಮೀಟರ್. ದೂರ ಆರು ಪಟ್ಟಾದರೆ ಬೀಳುವುದು ಐದು ಮೀಟರಿಗೂ ಹೆಚ್ಚು, ನಲವತ್ತು ಪಟ್ಟಿಗೂ ಮೀರಿ. ಇದನ್ನು ಸರಿದೂಗಿಸಲು ನಳಿಗೆಯನ್ನು ಎತ್ತಬೇಕಾದದ್ದು ಎಷ್ಟು ಗೊತ್ತೇ? ಒಂದು ಡಿಗ್ರಿ, ಅಷ್ಟೇ. ಕಣ್ಣಿಗೆ ಬಂದೂಕು ಮಟ್ಟಸವಾಗಿಯೇ ಇರುವಂತೆ ಕಾಣುತ್ತದೆ.

ಪಕ್ಕದಿಂದ ಗಂಟೆಗೆ 10 ಕಿಲೋಮೀಟರ್ ವೇಗದ ಗಾಳಿ ಬೀಸುತ್ತಿದೆ ಅನ್ನಿ. ನಮ್ಮ ಕಡೆ ಅದು ಮರದ ಎಲೆ ಅಲುಗಿಸುವಷ್ಟು, ಬೆವರು ಆರಿಸುವಷ್ಟು. 50 ಮೀಟರಿನಲ್ಲಿ ಅದು ಗುಂಡನ್ನು ಒಂದೂವರೆ ಸೆಂಟಿಮೀಟರ್ ತಳ್ಳುತ್ತದೆ. 300 ಮೀಟರಿನಲ್ಲಿ ಅರ್ಧ ಮೀಟರ್! ಮೂವತ್ತು ಪಟ್ಟು. ಇನ್ನು ತೋಟೆಯ ವಿಚಾರ. ಎರಡು ತೋಟೆಗಳ ವೇಗದಲ್ಲಿ ನೂರಕ್ಕೆ ಒಂದು ಪಾಲು ವ್ಯತ್ಯಾಸವಿದ್ದರೆ 50 ಮೀಟರಿನಲ್ಲಿ ಗುಂಡಿನ ತೂತುಗಳ ನಡುವೆ ಎರಡೂವರೆ ಮಿಲಿಮೀಟರ್ ಅಂತರ. 300ರಲ್ಲಿ 11 ಸೆಂಟಿಮೀಟರ್. ಹತ್ತರ ವೃತ್ತದ 6.2 ಸೆಂಟಿಮೀಟರನ್ನು ಇದೊಂದೇ ನುಂಗಿಹಾಕುತ್ತದೆ, ಕೈ ಎಷ್ಟೇ ಗಟ್ಟಿಯಿರಲಿ. 65 ಸೆಂಟಿಮೀಟರ್ ಉದ್ದದ ನಳಿಗೆಯ ತುದಿ ಒಂದು ಕೂದಲಿನಷ್ಟು, 0.1 ಮಿಲಿಮೀಟರ್, ಸರಿದರೂ ಅಲ್ಲಿ ನಾಲ್ಕೂವರೆ ಸೆಂಟಿಮೀಟರ್ ಹೋಯಿತು. ನನಗೆ ಈ ಪಂದ್ಯದ ಬಗ್ಗೆ ಇರುವ ಗೌರವವೆಲ್ಲ ಈ ಲೆಕ್ಕದಿಂದ ಬಂದದ್ದು. ಸೈನ್ಯದ 7.62 ಮಿಲಿಮೀಟರ್ ರೈಫಲ್ಲಿನ ಗುಂಡು 1.1 ಸೆಕೆಂಡಿನಲ್ಲಿ 700 ಮೀಟರಿನ ಸುಮಾರಿಗೆ ಹೋಗಿರುತ್ತದೆ. ಗಾಳಿಗೂ ಭೂಮಿಯ ಸೆಳೆತಕ್ಕೂ ಒಡ್ಡಿಕೊಂಡ ಹೊತ್ತು ಎರಡಕ್ಕೂ ಒಂದೇ. ದೊಡ್ಡ ಬಂದೂಕು, ದುಬಾರಿ ತೋಟೆ, ಕಿಲೋಮೀಟರುಗಟ್ಟಲೆ ಬಯಲು ಇಲ್ಲದವರೂ ಆ ಕಷ್ಟವನ್ನು ಒಂದು ಸಣ್ಣ ಕಣಿವೆಯಲ್ಲಿ ಎದುರಿಸಬಹುದು. ಅಮೆರಿಕ, ಯುರೋಪುಗಳಲ್ಲಿ 22 ಹಿಡಿದು 300 ಮೀಟರಿನಾಚೆಗೂ ಹೊಡೆಯುವ ಪಂದ್ಯಗಳು ಈಚೆಗೆ ಬೆಳೆದಿರುವುದು ಇದರಿಂದಲೇ ಇರಬೇಕು.

ಗುಂಡು ಸೀಳಿಕೊಂಡು ಹೋಗುವ ಗಾಳಿಗೂ ತೂಕವಿದೆ, ಅದು ಊರಿಂದೂರಿಗೆ ಬೇರೆ. ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ, ಅದರಲ್ಲಿ ಪಾಯಿಂಟ್ 22ಕ್ಕೆ ಬೇರೆಯೇ ವಿಭಾಗವಿರುತ್ತದೆ. ಕೊಡಗಿನ ಮಡಿಕೇರಿ ಇರುವುದು ಸುಮಾರು 1,170 ಮೀಟರ್ ಎತ್ತರದಲ್ಲಿ. ಅಲ್ಲಿನ 20 ಡಿಗ್ರಿ ತಂಪಿನಲ್ಲಿ ಒಂದು ಘನ ಮೀಟರ್ ಗಾಳಿ ತೂಗುವುದು ಸುಮಾರು 1.05 ಕಿಲೋ. ಖುರಯ್ಯಾತಿನ ಆ ಕುದಿಯುವ ರಾತ್ರಿಯಲ್ಲಿ 1.1 ಕಿಲೋಗೆ ಹತ್ತಿರ. ಕಾದ ಗಾಳಿ ಹಗುರ ಎಂದು ಕಲಿತವರು ಇಲ್ಲೊಮ್ಮೆ ನಿಲ್ಲಬೇಕು, ಏಕೆಂದರೆ ಮರಳುಗಾಡಿನ ಬೆಂಕಿಗಾಳಿಗಿಂತ ಮಡಿಕೇರಿಯ ತಣ್ಣನೆ ಗಾಳಿಯೇ ತೆಳು. ಎತ್ತರ ಬಿಸಿಯನ್ನು ಮೀರಿಸುತ್ತದೆ. ಒಮಾನಿನದೇ ಜಬಲ್ ಅಖ್ದರ್ ಬೆಟ್ಟದ ಮೇಲೆ, 2,000 ಮೀಟರ್ ಎತ್ತರದ ಸೈಕ್ ಪ್ರಸ್ಥಭೂಮಿಗೆ ಹೋದರೆ ಗಾಳಿಯ ಆ ತೂಕ 0.93 ಕಿಲೋಗೆ ಇಳಿದಿರುತ್ತದೆ. ದಂಡೆಯಲ್ಲಿ ಹೊಂದಿಸಿದ ದುರ್ಬೀನಿನ ಅಳತೆಯನ್ನು ಅದೇ ದಿನ ಬೆಟ್ಟದ ಮೇಲೆ ಮತ್ತೆ ತಿದ್ದಬೇಕು.

ಗಾಳಿಯ ತೂಕವನ್ನು ಲೆಕ್ಕದಿಂದ ಹಿಡಿಯಬಹುದು. ಬೀಸುವ ಗಾಳಿಯನ್ನು ಕಣ್ಣಿನಿಂದಲೇ ಹಿಡಿಯಬೇಕು. ಕೊಡಗಿನಲ್ಲಾದರೆ ಕಾಫಿ ಗಿಡ, ಸಿಲ್ವರ್ ಮರದ ಎಲೆ ನೋಡಿ ಹೇಳಬಹುದು. ಬೋಳು ವಾದಿಯಲ್ಲಿ ಎಲೆಯೇ ಇಲ್ಲ. ಅಲ್ಲಿ ನೆರವಿಗೆ ಬರುವುದು ಬಿಸಿಲುಗುದುರೆ. ನೆಲದಿಂದ ಏಳುವ ಬಿಸಿ ಅಲೆಗಳು ದುರ್ಬೀನಿನಲ್ಲಿ ನೀರು ಹರಿದಂತೆ ಕಾಣುತ್ತವೆ. ನೆಟ್ಟಗೆ ಮೇಲೇಳುತ್ತಿದ್ದರೆ ಅಡ್ಡ ಗಾಳಿ ಇಲ್ಲ. ಒಂದು ಕಡೆ ವಾಲಿದರೆ ಗಾಳಿ ಆ ದಿಕ್ಕಿಗೆ ಹೊರಟಿದೆ. ಪೂರಾ ಅಡ್ಡಕ್ಕೆ ಹರಿದರೆ ಜೋರಾಗಿದೆ, ಅದಕ್ಕಿಂತ ಹೆಚ್ಚು ಬೀಸಿದರೆ ಎಷ್ಟು ಎಂದು ಆ ಅಲೆಗಳಿಂದ ತಿಳಿಯುವುದಿಲ್ಲ. ಇದೇ ಬಿಸಿಲುಗುದುರೆ ತಟ್ಟೆಯ ಬಿಂಬವನ್ನು ಅದರ ನಿಜ ಜಾಗದಿಂದ ಸರಿಸಿ ತೋರಿಸುತ್ತದೆ ಕೂಡ, ಹಾಗಾಗಿ ದಾರಿ ಹೇಳುವುದೂ ಅದೇ, ತಪ್ಪಿಸುವುದೂ ಅದೇ. ಅದು ಕೈಕೊಟ್ಟಾಗ ಉಳಿಯುವುದು ದೂಳು. ಮಳೆಗಾಲದ ಕೊಡಗಿನ ಹಸಿ ಹುಲ್ಲಿನಲ್ಲಿ ಗುರಿ ತಪ್ಪಿದ ಗುಂಡು ಎಲ್ಲಿ ಹೂತಿತೆಂದು ಪತ್ತೆಯೇ ಆಗುವುದಿಲ್ಲ. ಒಮಾನಿನ ಒಣ ಮಣ್ಣಿನಲ್ಲಿ 2.6 ಗ್ರಾಂ ಸೀಸ ಬಿದ್ದರೂ ಚಿಕ್ಕದೊಂದು ದೂಳಿನ ಬುಗ್ಗೆ ಏಳುತ್ತದೆ. ತಟ್ಟೆಯಿಂದ ಎಡಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಎಂದು ಪಕ್ಕದಲ್ಲಿರುವವರು ದುರ್ಬೀನಿನಲ್ಲಿ ಅಳೆದು ಹೇಳುತ್ತಾರೆ, ಹೊಡೆಯುವವರು ಅಷ್ಟನ್ನೇ ತಿದ್ದಿಕೊಂಡು, ಗಾಳಿ ಬದಲಾಗುವ ಮೊದಲೇ ಮುಂದಿನ ತೋಟೆ ಏರಿಸುತ್ತಾರೆ.